ರಷ್ಯಾದ ತೈಲ, ಅಮೆರಿಕದ ಸುಂಕ, ಚೀನಾದ ಗೊಬ್ಬರ: ಮಾನ್ವಿಯ ಹತ್ತಿ ಬೆಳೆಗಾರರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾವು ಅಣ್ಣತಮ್ಮಂದಿರು ಹದಿನಾಲ್ಕು ಎಕರೆಯಲ್ಲಿ ಹತ್ತಿ, ಉಳಿದ ಹೊಲದಲ್ಲಿ ತೊಗರಿ ಬೆಳೆಯುತ್ತೇವೆ. ಈ ಮುಂಗಾರಿನಲ್ಲಿ ಡಿಎಪಿ ಗೊಬ್ಬರ ಸಿಗಲಿಲ್ಲ. ಚೀನಾ ಕಳುಹಿಸುವುದನ್ನೇ ನಿಲ್ಲಿಸಿದೆ ಎಂದು ಅಂಗಡಿಯವರು ಹೇಳಿದರು. ಆಗಸ್ಟಿನಲ್ಲಿ ಅಮೆರಿಕ ಶೇ 50ರ ಸುಂಕ ಹಾಕಿತು. ಅದೇ ತಿಂಗಳು ನಮ್ಮ ಸರ್ಕಾರ ಹೊರದೇಶದ ಹತ್ತಿಯ ಮೇಲಿನ ಸುಂಕವನ್ನು ತೆಗೆದುಹಾಕಿತು. ಈಗ ಮೊದಲ ಬಿಡಿಸುವಿಕೆಯ ಹತ್ತಿಯನ್ನು ರಾಯಚೂರು ಎಪಿಎಂಸಿಗೆ ಒಯ್ದರೆ ಕ್ವಿಂಟಲಿಗೆ 6,900 ರೂಪಾಯಿ ಕೇಳಿದರು. ರಷ್ಯಾವೇ ನಮ್ಮ ನಿಜವಾದ ಮಿತ್ರ, ಅಮೆರಿಕವನ್ನು ಬಿಟ್ಟು ರಷ್ಯಾ–ಚೀನಾ ಜೊತೆ ಸೇರಬೇಕು ಎಂದು ಟಿವಿಯಲ್ಲಿ ಒಬ್ಬರು ಹೇಳಿದರೆ, ರಷ್ಯಾದ ತೈಲ ಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಭಾರತ ಒಂದು ಕಡೆ ಗಟ್ಟಿಯಾಗಿ ನಿಲ್ಲುವುದಕ್ಕೆ ಏನು ಅಡ್ಡಿ? ಹತ್ತಿಯನ್ನು ನಾವು ಇಟ್ಟುಕೊಳ್ಳಬೇಕೇ, ಮಾರಬೇಕೇ? ಮುಂದಿನ ವರ್ಷ ಹತ್ತಿ ಬಿಟ್ಟು ಪೂರ್ತಿ ತೊಗರಿಗೆ ಹೋಗಬಹುದೇ?
— ಒಬ್ಬ ರೈತ, ಮಾನ್ವಿ ತಾಲ್ಲೂಕು, ರಾಯಚೂರು ಜಿಲ್ಲೆ (ನವೆಂಬರ್ 2025)

ಉತ್ತರ (2025ರ ನವೆಂಬರಿನ ಸ್ಥಿತಿಯಂತೆ): ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳಿದ್ದರೂ ಅವುಗಳ ಹಿಂದಿರುವ ಆತಂಕ ಒಂದೇ. ನಾವು ಕೈಯಾರೆ ಮಾಡದ ಜಗಳಕ್ಕೆ ನಮ್ಮ ಹೊಲದಿಂದ ದಂಡ ಕಟ್ಟುತ್ತಿದ್ದೇವೆಯೇ ಎಂಬುದು ಆ ಆತಂಕ. ಅಂತರರಾಷ್ಟ್ರೀಯ ವ್ಯಾಪಾರವನ್ನು ಬಹುಕಾಲ ಪಾಠ ಮಾಡಿದವನಾಗಿ, ಬಳ್ಳಾರಿಯ ಉಡುಪು ಘಟಕಗಳಿಗೂ ಹತ್ತಿಯಿಂದ ಕಾಳು ಬೇರ್ಪಡಿಸುವ ರಾಯಚೂರಿನ ಜಿನ್ನಿಂಗ್ ಮಿಲ್ಲುಗಳಿಗೂ ಸುಂಕದ ವಿಚಾರದಲ್ಲಿ ಸಲಹೆ ಕೊಡುತ್ತ ಬಂದವನಾಗಿ ಹೇಳುವುದಾದರೆ, ಆ ಆತಂಕ ಬಹುಪಾಲು ನಿಜ. ಆದರೆ ದಂಡ ಯಾವ ದಾರಿಯಿಂದ ನಿಮ್ಮವರೆಗೆ ಬಂತು ಎಂಬ ವಿಷಯದಲ್ಲಿ ಟಿವಿಯವರು ಹೇಳುವುದಕ್ಕೂ ವಾಸ್ತವಕ್ಕೂ ಅಂತರವಿದೆ.

ಮೊದಲು ಮಿತ್ರ–ಶತ್ರುವಿನ ಮಾತು. 1971ರ ಆಗಸ್ಟಿನಲ್ಲಿ ಸೋವಿಯತ್ ಒಕ್ಕೂಟ ನಮ್ಮೊಂದಿಗೆ ಮೈತ್ರಿ ಒಪ್ಪಂದ ಮಾಡಿಕೊಂಡದ್ದೂ, ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕ ತನ್ನ ಯುದ್ಧನೌಕೆಗಳನ್ನು ಬಂಗಾಳ ಕೊಲ್ಲಿಗೆ ಕಳುಹಿಸಿದ್ದೂ ನಿಜ. ಆದರೆ 1962ರಲ್ಲಿ ಚೀನಾ ನಮ್ಮ ಮೇಲೆ ಏರಿ ಬಂದಾಗ, ಕ್ಯೂಬಾದ ಬಿಕ್ಕಟ್ಟಿನಲ್ಲಿ ಸಿಲುಕಿದ್ದ ಸೋವಿಯತ್ ಒಕ್ಕೂಟ ಆರಂಭದಲ್ಲಿ ಚೀನಾದ ಕಡೆಗೇ ವಾಲಿತ್ತು. ತುರ್ತಾಗಿ ಶಸ್ತ್ರಾಸ್ತ್ರ ಕಳುಹಿಸಿದ್ದು ಅಮೆರಿಕ ಮತ್ತು ಬ್ರಿಟನ್. 1965–66ರ ಬರಗಾಲದಲ್ಲಿ ಗೋಧಿಯ ಹಡಗುಗಳನ್ನು ಬೇಕೆಂದೇ ತಡಮಾಡಿ ನಮ್ಮನ್ನು ಕಾಯಿಸಿದ ಅಮೆರಿಕವೇ, 2008ರಲ್ಲಿ ಪರಮಾಣು ಪೂರೈಕೆದಾರ ದೇಶಗಳ ಗುಂಪಿನಲ್ಲಿ ಭಾರತಕ್ಕೆ ವಿನಾಯಿತಿ ಕೊಡಿಸಲು ಮುಂದೆ ನಿಂತಿತು. ಹೀಗೆ ಪ್ರತಿಯೊಂದು ದೊಡ್ಡ ದೇಶವೂ ತನ್ನ ಅಗತ್ಯ ನಮ್ಮ ಅಗತ್ಯಕ್ಕೆ ಹೊಂದಿದಾಗ ಜೊತೆಗಿತ್ತು, ಹೊಂದದಿದ್ದಾಗ ಇರಲಿಲ್ಲ. ಈ ಲೆಕ್ಕದಲ್ಲಿ ಕೃತಜ್ಞತೆಗೂ ದ್ವೇಷಕ್ಕೂ ಇರುವ ಜಾಗ ಚಿಕ್ಕದು.

ಹಾಗಾದರೆ ಒಂದು ಕಡೆ ನಿಲ್ಲಲು ಏನು ಅಡ್ಡಿ? 2024–25ರ ಸರಕು ವ್ಯಾಪಾರದ ಅಂಕಿಗಳನ್ನು ನೋಡಿದರೆ ಉತ್ತರ ಅಲ್ಲೇ ಇದೆ. ಅಮೆರಿಕಕ್ಕೆ ನಾವು ಮಾರಿದ ಸರಕು ಸುಮಾರು 86 ಶತಕೋಟಿ ಡಾಲರಿನದು. ನಮ್ಮ ಒಟ್ಟು ಸರಕು ರಫ್ತಿನಲ್ಲಿ ಅದು ಸುಮಾರು ಐದನೇ ಒಂದು ಭಾಗ. ರಷ್ಯಾಕ್ಕೆ ಮಾರಿದ್ದು 5 ಶತಕೋಟಿಗಿಂತ ಕಡಿಮೆ, ಕೊಂಡದ್ದು 60 ಶತಕೋಟಿಗೂ ಹೆಚ್ಚು. ಅದರಲ್ಲಿ ಬಹುಪಾಲು ಕಚ್ಚಾ ತೈಲ. ಚೀನಾಕ್ಕೆ ಮಾರಿದ್ದು ಸುಮಾರು 14 ಶತಕೋಟಿ, ಅಲ್ಲಿಂದ ತರಿಸಿದ್ದು 113 ಶತಕೋಟಿ. ಅಂದರೆ ಮಾರುಕಟ್ಟೆಗೆ ಅಮೆರಿಕ, ತೈಲಕ್ಕೂ ಆಯುಧಕ್ಕೂ ರಷ್ಯಾ, ಯಂತ್ರೋಪಕರಣ, ಬಿಡಿಭಾಗ, ಔಷಧದ ಮೂಲವಸ್ತುಗಳಿಗೆ ಚೀನಾ. ಈ ಮೂರು ಅವಲಂಬನೆಗಳು ಮೂರು ಬಗೆಯವು. ಒಂದು ದೇಶ ಇನ್ನೊಂದರ ಜಾಗವನ್ನು ತುಂಬಲಾರದು. ಭಾರತದ ಸಿದ್ಧ ಉಡುಪುಗಳ ರಫ್ತಿನಲ್ಲಿ ಸುಮಾರು ಮೂರನೇ ಒಂದು ಭಾಗ ಅಮೆರಿಕಕ್ಕೆ ಹೋಗುತ್ತದೆ. ಆ ಅಂಗಿ, ಟವೆಲ್ಲು, ಹಾಸಿಗೆ ಹೊದಿಕೆಗಳನ್ನು ಚೀನಾ ಕೊಳ್ಳುವುದಿಲ್ಲ. ಅದು ಸ್ವತಃ ಜಗತ್ತಿಗೆ ಬಟ್ಟೆ ಮಾರುವ ದೇಶ. ಅದರ ಮೇಲೆ, 2020ರ ಜೂನ್ 15ರಂದು ಗಲ್ವಾನಿನಲ್ಲಿ ನಮ್ಮ 20 ಯೋಧರು ಪ್ರಾಣ ಕೊಟ್ಟ ಗಡಿಯ ವಿವಾದ ಇಂದಿಗೂ ಇತ್ಯರ್ಥವಾಗಿಲ್ಲ. 2024ರ ಅಕ್ಟೋಬರಿನಲ್ಲಿ ಆದ ಗಸ್ತು ಒಪ್ಪಂದದಿಂದ ಉದ್ವೇಗ ತಗ್ಗಿತೇ ಹೊರತು ಗಡಿರೇಖೆ ನಿರ್ಧಾರವಾಗಲಿಲ್ಲ.

ಒಬ್ಬನೇ ಗಿರಾಕಿಯನ್ನು ನೆಚ್ಚಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಪಕ್ಕದ ಬಳ್ಳಾರಿ ನೋಡಿದೆ. ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಸಂಡೂರು, ಹೊಸಪೇಟೆಗಳ ಅದಿರಿಗೆ ಚೀನಾದ ಉಕ್ಕಿನ ಕುಲುಮೆಗಳಿಂದ ಬಂದ ಬೇಡಿಕೆ ಎಷ್ಟಿತ್ತೆಂದರೆ, ಹೊಲ ಮಾರಿ ಟಿಪ್ಪರ್ ಕೊಂಡವರು ಊರೂರಿನಲ್ಲಿದ್ದರು. 2008ರ ಕೊನೆಗೆ ಬೆಲೆ ಕುಸಿದಾಗ ಆ ಟಿಪ್ಪರುಗಳ ಕಂತು ಕಟ್ಟಲಾಗದ ಮನೆಗಳನ್ನು ನಾನು ಬಲ್ಲೆ. ಅಕ್ರಮ ಗಣಿಗಾರಿಕೆಯ ಕಾರಣಕ್ಕೆ 2010ರಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸಿದ್ದು, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೇ ತಡೆದದ್ದು ಬೇರೆಯೇ ಕಥೆ; ಆದರೆ ಗಿರಾಕಿ ಕೈಬಿಟ್ಟ ಪೆಟ್ಟು ಅದಕ್ಕೂ ಮೊದಲೇ ಬಿದ್ದಿತ್ತು.

ಇನ್ನು ಅಮೆರಿಕದ ಸುಂಕ. 2025ರ ಆಗಸ್ಟ್ 7ರಿಂದ ಶೇ 25, ರಷ್ಯಾದ ತೈಲ ಕೊಳ್ಳುವುದಕ್ಕೆ ದಂಡವೆಂದು ಆಗಸ್ಟ್ 27ರಿಂದ ಮತ್ತೆ ಶೇ 25. ಇದೇ ವೇಳೆ ಬಾಂಗ್ಲಾದೇಶ, ವಿಯೆಟ್ನಾಂಗಳಿಗೆ ಶೇ 20, ಪಾಕಿಸ್ತಾನಕ್ಕೆ ಶೇ 19. ಇದು ಅನ್ಯಾಯ ಎಂದು ನಿಮಗೆ ಅನ್ನಿಸಿದ್ದರೆ ಅದರಲ್ಲಿ ತಪ್ಪೇನಿಲ್ಲ. ರಷ್ಯಾದ ಕಚ್ಚಾ ತೈಲವನ್ನು ನಮಗಿಂತ ಹೆಚ್ಚು ಕೊಳ್ಳುವ ಚೀನಾದ ಮೇಲೆ ಈ ದಂಡ ಬೀಳಲಿಲ್ಲ. ಕಾರಣ ನೇರವಾಗಿದೆ: ಮೋಟಾರು, ಕ್ಷಿಪಣಿ, ಮೊಬೈಲುಗಳಿಗೆ ಬೇಕಾದ ವಿರಳ ಭೂಲೋಹಗಳ ಸಂಸ್ಕರಣೆ ಬಹುಪಾಲು ಚೀನಾದ ಹಿಡಿತದಲ್ಲಿದೆ. 2025ರ ಏಪ್ರಿಲಿನಲ್ಲಿ ಅವುಗಳ ರಫ್ತನ್ನು ಅದು ಬಿಗಿಮಾಡಿತು. ಅಕ್ಟೋಬರಿನಲ್ಲಿ ಇನ್ನಷ್ಟು ಬಿಗಿಮಾಡುವುದಾಗಿ ಘೋಷಿಸಿತು. ತಿಂಗಳ ಕೊನೆಗೆ ದಕ್ಷಿಣ ಕೊರಿಯಾದ ಬುಸಾನಿನಲ್ಲಿ ಟ್ರಂಪ್ ಮತ್ತು ಷಿ ಜಿನ್‌ಪಿಂಗ್ ಭೇಟಿಯಾಗಿ ರಾಜಿ ಮಾಡಿಕೊಂಡರು. ತಿರುಗಿ ನೋವು ಕೊಡಬಲ್ಲವನ ಜೊತೆ ರಾಜಿ, ಕೊಡಲಾರದವನಿಗೆ ದಂಡ. ದೊಡ್ಡ ದೇಶಗಳ ಸಂಬಂಧದಲ್ಲಿ ಈಗ ಆಗಿರುವ ನಿಜವಾದ ಬದಲಾವಣೆ ಇದು.

ರಷ್ಯಾದ ತೈಲ ಬಿಟ್ಟುಬಿಟ್ಟರೆ ಎಲ್ಲವೂ ಸರಿಹೋಗುತ್ತದೆಯೇ? ಅರ್ಧ ದಂಡವಷ್ಟೇ ತೈಲದ ಹೆಸರಿನಲ್ಲಿದೆ. ಇನ್ನರ್ಧ ವ್ಯಾಪಾರ ಮಾತುಕತೆಯದು. ಆ ಮಾತುಕತೆಯಲ್ಲಿ ಅಮೆರಿಕ ಕೇಳುತ್ತಿರುವುದು ತನ್ನ ಮೆಕ್ಕೆಜೋಳ, ಸೋಯಾ, ಹಾಲಿನ ಉತ್ಪನ್ನಗಳಿಗೆ ನಮ್ಮ ಬಾಗಿಲು ತೆರೆಯುವುದನ್ನು. ಅಲ್ಲಿನ ಮೆಕ್ಕೆಜೋಳ, ಸೋಯಾ ಬಹುತೇಕ ಕುಲಾಂತರಿ. ನಿಮ್ಮ ಹತ್ತಿ ಕಾಳಿನ ಹಿಂಡಿಗೂ ಇದಕ್ಕೂ ನೇರ ಸಂಬಂಧವಿದೆ, ಮುಂದೆ ಹೇಳುತ್ತೇನೆ. ತೈಲದ ಮಟ್ಟಿಗೆ, ಉಕ್ರೇನ್ ಯುದ್ಧಕ್ಕೆ ಮೊದಲು ನಮ್ಮ ಆಮದಿನಲ್ಲಿ ರಷ್ಯಾದ ಪಾಲು ಶೇ 2ರ ಆಸುಪಾಸಿನಲ್ಲಿತ್ತು, ನಂತರ ಮೂರನೇ ಒಂದು ಭಾಗವನ್ನೂ ದಾಟಿತು. ಆರಂಭದಲ್ಲಿ ಬ್ಯಾರೆಲ್‌ಗೆ ಹತ್ತು ಡಾಲರಿಗೂ ಹೆಚ್ಚಿದ್ದ ರಿಯಾಯಿತಿ 2025ರ ಹೊತ್ತಿಗೆ ಕೆಲವೇ ಡಾಲರಿಗೆ ಇಳಿದಿದೆ. ಆದ್ದರಿಂದ ಖರೀದಿ ತಗ್ಗಿಸುವುದು ಮೂರು ವರ್ಷದ ಹಿಂದೆ ಆಗುತ್ತಿದ್ದಷ್ಟು ದುಬಾರಿಯಲ್ಲ. ರಷ್ಯಾದ ರೋಸ್‌ನೆಫ್ಟ್, ಲುಕಾಯಿಲ್ ತೈಲ ಕಂಪನಿಗಳ ಮೇಲೆ ಅಕ್ಟೋಬರಿನಲ್ಲಿ ಅಮೆರಿಕ ನಿರ್ಬಂಧ ಹಾಕಿದ ಮೇಲೆ ನಮ್ಮ ಸಂಸ್ಕರಣಾಗಾರಗಳು ಹೇಗೂ ಎಚ್ಚರಿಕೆಯ ಹೆಜ್ಜೆ ಇಡಬೇಕಾಗಿದೆ. ಅಪಾಯ ಬೇರೆ ಕಡೆ ಇದೆ. ಇಂದು ತೈಲದ ವಿಷಯದಲ್ಲಿ ಬೆದರಿಕೆಗೆ ಬಗ್ಗಿದರೆ, ನಾಳೆ ರಷ್ಯಾದಿಂದ ಕೊಂಡ ಎಸ್-400 ವಾಯುರಕ್ಷಣಾ ಕ್ಷಿಪಣಿಗಳ ಬಿಡಿಭಾಗಕ್ಕೂ ಅದೇ ಬೆದರಿಕೆ ಬರುತ್ತದೆ. ತೈಲ ಕಡಿಮೆ ಮಾಡುವುದಾದರೆ ದರದ ಲೆಕ್ಕದ ಮೇಲೆ ಮಾಡಬೇಕು, ಬದಲಿಗೆ ಏನು ಸಿಗುತ್ತದೆ ಎಂಬುದನ್ನು ಬರಹದಲ್ಲಿ ಪಡೆದು ಮಾಡಬೇಕು ಎಂಬುದು ನನ್ನ ಅಭಿಪ್ರಾಯ.

ಈಗ ನಿಮ್ಮ ಹತ್ತಿಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಅಮೆರಿಕದ ಸುಂಕ ನಿಮ್ಮ ಹತ್ತಿಯ ಮೇಲೆ ನೇರವಾಗಿ ಬಿದ್ದಿಲ್ಲ. ತಿರುಪ್ಪೂರಿನ ಉಡುಪು, ಪಾಣಿಪತ್ತಿನ ಹೊದಿಕೆಗಳ ಮೇಲೆ ಬಿದ್ದು, ಆರ್ಡರ್ ಕಡಿಮೆಯಾಗಿ, ನೂಲಿನ ಗಿರಣಿಗಳು ಅರಳೆ (ಕಾಳು ತೆಗೆದ ಹತ್ತಿ) ಕೊಳ್ಳಲು ಹಿಂಜರಿದು, ಆ ಹಿಂಜರಿಕೆ ಎಪಿಎಂಸಿಯ ಹರಾಜಿಗೆ ಬಂದಿದೆ. ಕಷ್ಟದಲ್ಲಿದ್ದ ಗಿರಣಿಗಳಿಗೆ ಅರಳೆ ಅಗ್ಗವಾಗಿ ಸಿಗಲಿ ಎಂದು ಕೇಂದ್ರ ಸರ್ಕಾರ ಶೇ 11ರ ಆಮದು ಸುಂಕವನ್ನು ಆಗಸ್ಟ್ 19ರಿಂದ ತೆಗೆಯಿತು. ಮೊದಲು ಸೆಪ್ಟೆಂಬರ್ 30ರವರೆಗೆ ಎಂದದ್ದನ್ನು ನಂತರ ಡಿಸೆಂಬರ್ 31ರವರೆಗೆ ವಿಸ್ತರಿಸಿತು. ಇದೇ ಹೊತ್ತಿನಲ್ಲಿ ಇನ್ನೊಂದು ಕಡೆಯಿಂದಲೂ ಒತ್ತಡ ಬಂತು. ಅಮೆರಿಕದ ಜೊತೆಗಿನ ಸುಂಕ ಸಮರದಲ್ಲಿ ಚೀನಾ ಮಾರ್ಚಿನಿಂದಲೇ ಅಮೆರಿಕದ ಹತ್ತಿಗೆ ಶೇ 15ರ ಹೆಚ್ಚುವರಿ ಸುಂಕ ಹಾಕಿತ್ತು. ಚೀನಾಕ್ಕೆ ಹೋಗದ ಆ ಹತ್ತಿ ಬೇರೆ ಗಿರಾಕಿಗಳನ್ನು ಹುಡುಕುತ್ತಿತ್ತು, ಬ್ರೆಜಿಲ್ಲಿನ ಭಾರಿ ಬೆಳೆ ಅದಾಗಲೇ ಜಗತ್ತಿನ ದರವನ್ನು ಕೆಳಗೆ ಇಟ್ಟಿತ್ತು. ಬುಸಾನಿನ ರಾಜಿಯ ನಂತರ ಆ ಶೇ 15 ಹೋಗಿ, ಬೇರೆ ಶೇ 10 ಉಳಿದಿದೆ. ಇಬ್ಬರು ದೊಡ್ಡವರು ಜಗಳವಾಡಿದಾಗಲೂ ರಾಜಿಯಾದಾಗಲೂ ದರ ಕದಲುವುದು ರಾಯಚೂರಿನಲ್ಲಿ ಎಂದು ನೀವು ಹೇಳಿದರೆ ಅದು ಅತಿಶಯೋಕ್ತಿಯಲ್ಲ.

ಆದರೆ ಸುಂಕ ತೆಗೆದದ್ದರಿಂದಲೇ ದರ ಬಿತ್ತು ಎಂಬ ಮಾತು ಪೂರ್ತಿ ಸರಿಯಲ್ಲ. ಲೆಕ್ಕ ಹಾಕಿ ನೋಡಿ. ಒಂದು ಕ್ವಿಂಟಲ್ ಹತ್ತಿಯನ್ನು ಜಿನ್ ಮಾಡಿದರೆ ಸುಮಾರು 34 ಕಿಲೋ ಅರಳೆ, 64 ಕಿಲೋ ಕಾಳು ಸಿಗುತ್ತದೆ, ಉಳಿದದ್ದು ಕಸ. ಉದ್ದ ಎಳೆಯ ಹತ್ತಿಗೆ ಈ ವರ್ಷದ (2025–26) ಬೆಂಬಲ ಬೆಲೆ 8,110 ರೂಪಾಯಿ, ಮಧ್ಯಮ ಎಳೆಗೆ 7,710. ಕಾಳಿಗೆ ಕಿಲೋಗೆ 33 ರೂಪಾಯಿ ಎಂದು ಇಟ್ಟುಕೊಂಡು 8,110ರಿಂದ ಕಳೆದರೆ, ಅರಳೆ ಕಿಲೋಗೆ ಸುಮಾರು 176 ರೂಪಾಯಿ ಬೀಳುತ್ತದೆ. 356 ಕಿಲೋದ ಒಂದು ಕ್ಯಾಂಡಿಗೆ 62,000 ದಾಟುತ್ತದೆ. ನ್ಯೂಯಾರ್ಕಿನ ವಾಯಿದೆ ಮಾರುಕಟ್ಟೆಯಲ್ಲಿ ದರ ಪೌಂಡಿಗೆ 65 ಸೆಂಟಿನ ಆಸುಪಾಸಿನಲ್ಲಿದೆ. ಡಾಲರಿಗೆ 88 ರೂಪಾಯಿಯಂತೆ ಕಿಲೋಗೆ ಸುಮಾರು 126 ರೂಪಾಯಿ. ಹಡಗಿನ ಬಾಡಿಗೆ, ವಿಮೆ ಸೇರಿಸಿ, ಅದರ ಮೇಲೆ ಶೇ 11ರ ಸುಂಕ ಇದ್ದರೂ ಹೊರಗಿನ ಹತ್ತಿ ಗಿರಣಿಗೆ ಅಗ್ಗವೇ. ಸುಂಕವಿದ್ದಿದ್ದರೆ ನಿಮ್ಮ 6,900 ಒಂದಿಷ್ಟು ಮೇಲಿರುತ್ತಿತ್ತು, 8,110 ಆಗುತ್ತಿರಲಿಲ್ಲ. ಇಷ್ಟಾದರೂ ಸುಂಕ ತೆಗೆದ ಸಮಯವನ್ನು ನಾನು ಒಪ್ಪುವುದಿಲ್ಲ. ಹತ್ತಿ ಹೊಲದಿಂದ ಮಾರುಕಟ್ಟೆಗೆ ಬರುವ ಅಕ್ಟೋಬರ್–ಡಿಸೆಂಬರ್ ತಿಂಗಳುಗಳಲ್ಲೇ ಬಾಗಿಲು ತೆರೆದಿಟ್ಟದ್ದು ತಪ್ಪು. ಗಿರಣಿಗಳಿಗೆ ನೆರವು ಬೇಕಿದ್ದರೆ ಬಡ್ಡಿ ರಿಯಾಯಿತಿಯಿಂದಲೋ ರಫ್ತು ಪ್ರೋತ್ಸಾಹಧನದಿಂದಲೋ ಖಜಾನೆಯೇ ಕೊಡಬಹುದಿತ್ತು. ವಿದೇಶಾಂಗ ನೀತಿಯ ವೆಚ್ಚವನ್ನು ಇಡೀ ದೇಶ ಹಂಚಿಕೊಳ್ಳಬೇಕು. ಅದನ್ನು ರಾಯಚೂರು, ಯಾದಗಿರಿ, ವಿದರ್ಭಗಳ ಹೊಲಗಳ ಮೇಲೆ ಹೊರಿಸಿದ್ದು ನ್ಯಾಯವಲ್ಲ. ನಿಮ್ಮ ಸಂಸದರಿಗೆ ಬರೆಯುವುದಾದರೆ, ಅಮೆರಿಕದ ಜೊತೆ ಜಗಳ ಏಕೆ ಎಂದು ಕೇಳುವುದಕ್ಕಿಂತ ಈ ಪ್ರಶ್ನೆ ಕೇಳಿ: ಡಿಸೆಂಬರ್ 31ರ ನಂತರ ವಿನಾಯಿತಿ ಮುಂದುವರಿಯುತ್ತದೆಯೇ, ಮುಂದುವರಿದರೆ ಬೆಳೆಗಾರನ ನಷ್ಟ ಭರಿಸುವವರು ಯಾರು?

ಇದರ ಬೇರಿನಲ್ಲಿ ನಮ್ಮದೇ ಒಂದು ದೌರ್ಬಲ್ಯವೂ ಇದೆ. 2013–14ರಲ್ಲಿ ದೇಶದಲ್ಲಿ 398 ಲಕ್ಷ ಬೇಲು (170 ಕಿಲೋ ಅರಳೆಯ ಗಂಟು) ಹತ್ತಿ ಬಂದಿತ್ತು. ಈಚಿನ ಬೆಳೆ 300 ಲಕ್ಷದ ಸುತ್ತಮುತ್ತ ಇದೆ. 2006ರಲ್ಲಿ ಬಂದ ಎರಡನೇ ತಲೆಮಾರಿನ ಬಿಟಿ (ಕಾಯಿಕೊರಕ ತಡೆಯುವ ಕುಲಾಂತರಿ) ಬೀಜದ ನಂತರ ಹೊಸ ತಂತ್ರಜ್ಞಾನ ಹೊಲಕ್ಕೆ ಬರಲಿಲ್ಲ, ಗುಲಾಬಿ ಕಾಯಿಕೊರಕ ಹಳೆಯದಕ್ಕೆ ಬಗ್ಗುವುದಿಲ್ಲ. ಬೆಳೆ ಕುಗ್ಗಿದ್ದರಿಂದಲೇ ಆಮದು ಬೇಕೆನ್ನುವ ಗಿರಣಿಗಳ ವಾದಕ್ಕೆ ಬಲ ಬಂದದ್ದು.

ಹಿಂಡಿಯ ಮಾತು ಹೇಳುತ್ತೇನೆಂದಿದ್ದೆ. ಕ್ವಿಂಟಲ್ ಹತ್ತಿಯ ಬೆಲೆಯಲ್ಲಿ ಎರಡು ಸಾವಿರದಷ್ಟು ಬರುವುದು ಕಾಳಿನಿಂದ. ಕಾಳಿಗೆ ಬೆಲೆ ತರುವುದು ಎಣ್ಣೆ ಮತ್ತು ದನಗಳ ಹಿಂಡಿ. ಅಮೆರಿಕದ ಜೊತೆ ಒಪ್ಪಂದವಾಗಿ ಅಗ್ಗದ ಮೆಕ್ಕೆಜೋಳದ ಮೇವು ಒಳಬಂದರೆ ಹಿಂಡಿಯ ದರ ತಗ್ಗುತ್ತದೆ, ಅದರ ಜೊತೆಗೆ ಜಿನ್ನಿಂಗ್ ಮಿಲ್ಲಿನವರು ನಿಮಗೆ ಕೊಡಬಲ್ಲ ದರವೂ ತಗ್ಗುತ್ತದೆ. ಒಪ್ಪಂದವಾದರೆ ಉಡುಪಿನ ಆರ್ಡರ್ ಮರಳಿ ಬಂದು ಅರಳೆಗೆ ಬೇಡಿಕೆ ಏರುವುದೂ ಉಂಟು. ಒಪ್ಪಂದದ ಸುದ್ದಿ ಬಂದ ದಿನ ಸಂಭ್ರಮಿಸುವ ಮುನ್ನ ಕೃಷಿಯ ಪಟ್ಟಿಯಲ್ಲಿ ಏನೇನಿದೆ ಎಂದು ನೋಡಬೇಕಾದದ್ದು ಇದಕ್ಕಾಗಿಯೇ.

ಡಿಎಪಿಯ ವಿಷಯದಲ್ಲಿ ನಿಮ್ಮ ಅಂಗಡಿಯವರು ಹೇಳಿದ್ದು ಅರ್ಧ ಸತ್ಯ. ಚೀನಾ ಡಿಎಪಿ ಸೇರಿದಂತೆ ಫಾಸ್ಫೇಟ್ ಗೊಬ್ಬರದ ರಫ್ತನ್ನು ಬಿಗಿಮಾಡಿದ್ದು 2021ರಿಂದ, ತನ್ನ ರೈತರಿಗೆ ದರ ಏರದಿರಲಿ ಎಂದು. ಈಗ ಅದರ ಬ್ಯಾಟರಿ ಉದ್ಯಮಕ್ಕೂ ಫಾಸ್ಫೇಟ್ ಬೇಕಾಗಿದೆ. ಈ ಬಿಗಿಯ ಪೆಟ್ಟು ಭಾರತಕ್ಕೆ ಮಾತ್ರ ಬಿದ್ದದ್ದಲ್ಲ. ಇನ್ನರ್ಧ ಸತ್ಯ, ಜಾಗತಿಕ ದರ ಟನ್ನಿಗೆ 700 ಡಾಲರ್ ದಾಟಿದಾಗ ಇಲ್ಲಿ ಚೀಲಕ್ಕೆ 1,350 ರೂಪಾಯಿಯಲ್ಲೇ ಮಾರಬೇಕಾದ ಕಂಪನಿಗಳು, ಸಬ್ಸಿಡಿ ಸಾಲದೆಂದು ಆಮದನ್ನು ತಡಮಾಡಿದವು. ಕೆಂಪು ಸಮುದ್ರದಲ್ಲಿ ದಾಳಿಗಳ ಭಯದಿಂದ ಹಡಗುಗಳು ಆಫ್ರಿಕಾ ಸುತ್ತಿ ಬರಬೇಕಾಯಿತು. ಆಗಸ್ಟಿನಲ್ಲಿ ಚೀನಾದ ವಿದೇಶಾಂಗ ಸಚಿವ ವಾಂಗ್ ಯಿ ದೆಹಲಿಗೆ ಬಂದಾಗ ಗೊಬ್ಬರದ ಮಾತೂ ಆಯಿತು, ಪ್ರಧಾನಿ ಮೋದಿ ಚೀನಾದ ಟಿಯಾಂಜಿನ್‌ನಲ್ಲಿ ನಡೆದ ಶೃಂಗಸಭೆಗೆ ಹೋಗಿಬಂದರು. ಆದರೆ ಅದಕ್ಕಿಂತ ನೆಚ್ಚಬಹುದಾದ ಕೆಲಸ ಜುಲೈನಲ್ಲಿ ಆಗಿತ್ತು: ಸೌದಿ ಅರೇಬಿಯಾದ ಮಾಅದೆನ್ ಕಂಪನಿಯಿಂದ ಐದು ವರ್ಷ ಕಾಲ ವರ್ಷಕ್ಕೆ 31 ಲಕ್ಷ ಟನ್ ಡಿಎಪಿ ಪಡೆಯುವ ಒಪ್ಪಂದ. ಇದು ಟಿವಿಯಲ್ಲಿ ಚರ್ಚೆಯಾಗುವುದಿಲ್ಲ, ಆದರೆ ನಿಮ್ಮ ಸೊಸೈಟಿಯ ಗೋದಾಮಿಗೆ ಬೇಕಾಗಿರುವುದು ಇಂಥದ್ದೇ. ಅಲ್ಲಿಯವರೆಗೆ, ಒಂದು ಚೀಲ ಡಿಎಪಿಯಲ್ಲಿರುವ 23 ಕಿಲೋ ರಂಜಕ ಮೂರು ಚೀಲ ಸಿಂಗಲ್ ಸೂಪರ್ ಫಾಸ್ಫೇಟ್‌ನಲ್ಲಿ ಸಿಗುತ್ತದೆ, 20 ಕಿಲೋ ಯೂರಿಯಾ ಸೇರಿಸಿದರೆ ಸಾರಜನಕವೂ ಸರಿಹೋಗುತ್ತದೆ; ಗಂಧಕ ಹೆಚ್ಚುವರಿಯಾಗಿ ದೊರೆಯುತ್ತದೆ. ಸಾಗಾಣಿಕೆಯ ಕೂಲಿ ಹೆಚ್ಚಾಗುತ್ತದೆ ಎಂಬುದೊಂದೇ ಅನನುಕೂಲ.

ಭಾರತ ಈಗ ಹಿಡಿದಿರುವ ದಾರಿಯೂ ಅಪಾಯವಿಲ್ಲದ್ದಲ್ಲ. ಎಲ್ಲರೊಂದಿಗೂ ಮಾತು, ಯಾರೊಂದಿಗೂ ಕೂಟವಿಲ್ಲ ಎನ್ನುವ ನೀತಿಯಲ್ಲಿ ಎರಡೂ ಕಡೆಯಿಂದ ಪೆಟ್ಟು ಬೀಳುವ ಸಾಧ್ಯತೆ ಇದ್ದೇ ಇರುತ್ತದೆ. ಬ್ರಿಟನ್ ಜೊತೆ ಜುಲೈ 24ರಂದು ವ್ಯಾಪಾರ ಒಪ್ಪಂದಕ್ಕೆ ಸಹಿಯಾಗಿದ್ದರೂ ಅದು ಜಾರಿಗೆ ಬರಬೇಕಿದೆ. ಯುರೋಪ್ ಒಕ್ಕೂಟದ ಜೊತೆ ಮಾತುಕತೆ ನಡೆದಿದೆ. ಅಮೆರಿಕದಲ್ಲಿ ಕಳೆದುಕೊಂಡ ಉಡುಪಿನ ಮಾರುಕಟ್ಟೆಗೆ ಈ ಎರಡು ಕಡೆ ಪರ್ಯಾಯ ಹುಡುಕಲು ಎರಡು ಮೂರು ವರ್ಷವಾದರೂ ಬೇಕು. ಬಳ್ಳಾರಿಯ ಜೀನ್ಸ್ ಘಟಕಗಳು ಹೆಚ್ಚಾಗಿ ದೇಶದೊಳಗೇ ಮಾರುವುದರಿಂದ ಅವು ಸದ್ಯಕ್ಕೆ ನೇರ ಪೆಟ್ಟಿನಿಂದ ಪಾರಾಗಿವೆ, ಆದರೆ ರಫ್ತಾಗದ ಬಟ್ಟೆ ಒಳಮಾರುಕಟ್ಟೆಗೆ ತಿರುಗಿದರೆ ಅವಕ್ಕೂ ದರದ ಪೈಪೋಟಿ ಬರುತ್ತದೆ. ಇಷ್ಟೆಲ್ಲ ಇದ್ದರೂ ಉಳಿದ ಎರಡು ದಾರಿಗಳಿಗಿಂತ ಇದೇ ಕಡಿಮೆ ನಷ್ಟದ್ದು ಎಂದು ನಾನು ನಂಬುತ್ತೇನೆ, ನಷ್ಟವನ್ನು ಹಂಚುವ ವ್ಯವಸ್ಥೆ ಜೊತೆಗಿದ್ದರೆ.

ಹತ್ತಿ ಇಟ್ಟುಕೊಳ್ಳಬೇಕೇ ಎಂದು ಕೇಳಿದ್ದೀರಿ. 6,900ಕ್ಕೆ ವರ್ತಕರಿಗೆ ಕೊಡಬೇಡಿ. ಭಾರತೀಯ ಹತ್ತಿ ನಿಗಮದ ಖರೀದಿ ಕೇಂದ್ರಕ್ಕೆ ಒಯ್ಯಿರಿ. ಈ ವರ್ಷ ಕಪಾಸ್ ಕಿಸಾನ್ ಆ್ಯಪ್‌ನಲ್ಲಿ ನೋಂದಣಿ ಬೇಕು, ಪಹಣಿ ಮತ್ತು ಆಧಾರ್ ಹೊಂದಿಕೆಯಾಗಿರಬೇಕು. ತೇವಾಂಶ ಶೇ 8ರೊಳಗಿದ್ದರೆ ಪೂರ್ತಿ ಬೆಲೆ, ಶೇ 12 ದಾಟಿದರೆ ಕೊಳ್ಳುವುದೇ ಇಲ್ಲ. ಇಬ್ಬನಿ ಆರುವ ಮೊದಲೇ ಬಿಡಿಸಿ ತಾಡಪತ್ರಿಯಲ್ಲಿ ಒತ್ತಿ ಕಟ್ಟಿದ ಹತ್ತಿ ಕೇಂದ್ರದ ಮೀಟರಿನಲ್ಲಿ 14 ತೋರಿಸಿದ್ದನ್ನೂ, ಅದನ್ನೇ ಎರಡು ಬಿಸಿಲು ಹರವಿ ಒಣಗಿಸಿದಾಗ 9ಕ್ಕೆ ಇಳಿದದ್ದನ್ನೂ ನಾನು ನೋಡಿದ್ದೇನೆ. ಮೊದಲ ಬಿಡಿಸುವಿಕೆಯ ಒಳ್ಳೆಯ ಹತ್ತಿಯನ್ನು ಹೀಗೆ ನಿಗಮಕ್ಕೇ ಕೊಡಿ. ಜನವರಿಯಲ್ಲಿ ಆಮದು ಸುಂಕ ಮರಳಿ ದರ ಏರುತ್ತದೆ ಎಂಬ ಲೆಕ್ಕದ ಮೇಲೆ ಸಾಲ ಇರುವವರು ಹತ್ತಿ ಹಿಡಿದಿಡುವುದು ಬೇಡ. ವಿನಾಯಿತಿ ಮುಗಿಯುವ ಮುನ್ನವೇ ಗಿರಣಿಗಳು ಆಮದು ಮಾಡಿ ದಾಸ್ತಾನು ತುಂಬಿಕೊಂಡಿರುತ್ತವೆ, ಸುಂಕ ಮರಳಿದರೂ ಅದರ ಪರಿಣಾಮ ತಡವಾಗಿ ಕಾಣುತ್ತದೆ. ಸಾಲವಿಲ್ಲದಿದ್ದರೆ ಕೊನೆಯ ಬಿಡಿಸುವಿಕೆಯ ಒಂದು ಪಾಲನ್ನು ಫೆಬ್ರುವರಿವರೆಗೆ ಇಟ್ಟು ನೋಡಬಹುದು.

ಪೂರ್ತಿ ತೊಗರಿಗೆ ಹೋಗಬೇಡಿ. ಅಲ್ಲಿಯೂ ಹೊರದೇಶದ ವ್ಯವಹಾರವಿದೆ: 2026ರ ಮಾರ್ಚ್ 31ರವರೆಗೆ ತೊಗರಿಯ ಆಮದಿಗೆ ಸುಂಕವಿಲ್ಲ, ಮ್ಯಾನ್ಮಾರ್, ಮೊಜಾಂಬಿಕ್‌ಗಳಿಂದ ಅದು ಬರುತ್ತಲೇ ಇದೆ. ಬೇಳೆಯ ದರವನ್ನು ಕೆಳಗೆ ಎಳೆಯುತ್ತಿದ್ದ ಹೊರದೇಶದ ಹಳದಿ ಬಟಾಣಿಗೆ ನವೆಂಬರ್ 1ರಿಂದ ಶೇ 30ರ ಸುಂಕ ಬಿದ್ದಿರುವುದು ಸ್ವಲ್ಪ ಸಮಾಧಾನದ ಸಂಗತಿ. ಮಾರ್ಚ್ 31ರ ನಂತರ ತೊಗರಿಯ ವಿನಾಯಿತಿ ಏನಾಗುತ್ತದೆ ಎಂಬ ಆದೇಶ ನೀವು ಬಿತ್ತುವ ಮೊದಲೇ ಹೊರಬಂದಿರುತ್ತದೆ. ಅದನ್ನು ನೋಡಿ, ಹದಿನಾಲ್ಕು ಎಕರೆಯಲ್ಲಿ ಗುಲಾಬಿ ಕಾಯಿಕೊರಕ ಹೆಚ್ಚು ಕಾಡಿದ ನಾಲ್ಕೈದು ಎಕರೆಯನ್ನು ತೊಗರಿಗೆ ಬಿಟ್ಟು, ಉಳಿದ ಹೊಲದಲ್ಲಿ ಹತ್ತಿ ಮುಂದುವರಿಸಿ. ಕಾಯಿಕೊರಕ ಉಳಿಯದಂತೆ, ಜನವರಿಯ ನಂತರ ಹತ್ತಿ ಕಟ್ಟಿಗೆಯನ್ನು ಹೊಲದಲ್ಲಿ ನಿಲ್ಲಿಸಬೇಡಿ.